ಗಾಳಿಕೊಳವೆಯ ಪಾಪುಗಳು

ಲಿಯೊಂಟೀನ್ ಡ್ಯೂವರ್ನೆಯ ಮೇಲೆ ಒಂದು ಅಪವಾದವಿತ್ತು. ಕಳ್ಳತನದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ. ಅವೆರಡನ್ನೂ ನ್ಯೂ ಆರ್ಲಿಯನ್ಸಿನ ಜನ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಇವಳ ಮೇಲಿದ್ದದ್ದು ಕಿಂಗ್ ಕೇಕಿನೊಳಗೆ ಪಾಪುವನ್ನು ಹಾಕುವುದೇ ಇಲ್ಲ ಎಂಬ ಅಪವಾದ. ಅದಕ್ಕೆ ಆ ಊರಿನಲ್ಲಿ ಕ್ಷಮೆ ಇಲ್ಲ.

ಕಾರ್ನಿವಲ್ ಕಾಲ ಶುರುವಾದ ಮೊದಲ ಭಾನುವಾರ ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂತು ಗಂಬೊ ಎಂಬ ಸೀಗಡಿಯ ಗಟ್ಟಿ ಸಾರು ಉಂಡು, ಆಮೇಲೆ ನೇರಳೆ, ಹಸಿರು, ಬಂಗಾರದ ಬಣ್ಣದ ಸಕ್ಕರೆ ಮೆತ್ತಿದ ಬಳೆಯಾಕಾರದ ಕೇಕನ್ನು ಕತ್ತರಿಸುವುದು ಪದ್ಧತಿ. ಕೇಕಿನ ಹೊಟ್ಟೆಯಲ್ಲಿ ಒಂದು ಪುಟಾಣಿ ಪ್ಲಾಸ್ಟಿಕ್ ಪಾಪು ಅಡಗಿರುತ್ತದೆ. ಅದು ಯಾರ ತುಂಡಿನಲ್ಲಿ ಸಿಕ್ಕಿತೋ ಮುಂದಿನ ವರ್ಷದ ಊಟ ಅವರ ಮನೆಯಲ್ಲಿ. ಯಾರಿಗೂ ಸಿಗದಿದ್ದರೆ ಊಟ ಇದ್ದಲ್ಲೇ. ಲಿಯೊಂಟೀನಳ ತಾಯಿ ಮಾಡಿಟ್ಟುಹೋದ ಕಾನೂನು ಇದು. ಮೊದಲೆಲ್ಲ ಬೇಕರಿಯವರೇ ಪಾಪುವನ್ನು ಒಳಗಿಟ್ಟು ಬೇಯಿಸುತ್ತಿದ್ದರು. ಯಾರೋ ನುಂಗಿದರಂತೆ, ಯಾರೋ ಕೋರ್ಟಿಗೆ ಹೋದರಂತೆ, ಈಗ ಅದನ್ನು ಡಬ್ಬಿಯ ಮೂಲೆಯಲ್ಲಿ ಬೇರೆಯಾಗಿ ಇಟ್ಟು ಕೊಡುತ್ತಾರೆ. ಮನೆಯೊಡತಿಯೇ ಕೇಕಿನ ಅಡಿಯಿಂದ ತೂರಿಸಬೇಕು. ಲಿಯೊಂಟೀನ್ ಪ್ರತಿವರ್ಷ ತನ್ನ ಕೈಯಾರೆ ತೂರಿಸುತ್ತಿದ್ದಳು. ಪ್ರತಿವರ್ಷ ಅದು ಯಾರಿಗೂ ಸಿಗುತ್ತಿರಲಿಲ್ಲ.

ಮೊದಮೊದಲು ನಕ್ಕರು. ಬರುಬರುತ್ತಾ ನಗುವಿಗೆ ಹುಳಿ ಸೇರಿತು. ಪ್ರತಿವರ್ಷ ಊಟ ತಮ್ಮ ಮನೆಯಲ್ಲೇ ಇರಲಿ, ಯಜಮಾನಿಕೆ ಕೈಬಿಡದಿರಲಿ ಎಂದು ದೊಡ್ಡಮ್ಮ ಪಾಪುವನ್ನು ಏಪ್ರನ್ ಜೇಬಿಗಿಳಿಸುತ್ತಾಳೆ ಎಂದು ತಂಗಿಯ ಮಗ ರೆಮಿ ಎಲ್ಲರೆದುರೇ ಅಂದ. ಲಿಯೊಂಟೀನ್ ಮೇರಿಯಮ್ಮನ ಮೇಲೆ ಆಣೆ ಇಟ್ಟಳು. ಯಾರೂ ನಂಬಲಿಲ್ಲ. ಅವಳಿಗೇನೋ ತನ್ನದೇ ಒಂದು ಗುಮಾನಿ ಇತ್ತು. ಗಂಡ ಒಕ್ಟಾವ್ ಊಟಕ್ಕೆ ಕೂತರೆ ಅಗಿಯುವ ಅಭ್ಯಾಸವಿಲ್ಲದವನು. ಒಮ್ಮೆ ಅವನ ಹೊಟ್ಟೆನೋವಿಗೆ ಎಕ್ಸ್‌ರೇ ತೆಗೆಸಿದಾಗ ಇವಳು ಡಾಕ್ಟರರನ್ನು ಪಕ್ಕಕ್ಕೆ ಕರೆದು, "ಒಳಗೆ ಮಕ್ಕಳೇನಾದ್ರೂ ಕಾಣಿಸಿದ್ವಾ?" ಎಂದು ಕೇಳಿದ್ದಳು. ಡಾಕ್ಟರು ಅವಳನ್ನೇ ಪರೀಕ್ಷೆ ಮಾಡಬೇಕೆಂದರು.

ಹಾಗಂತ ಊಟ ತನ್ನ ಮನೆಯಲ್ಲೇ ಉಳಿಯುತ್ತಿದ್ದದ್ದು ಅವಳಿಗೆ ಬೇಡವಾಗಿತ್ತೇ? ಬೇಕಾಗಿತ್ತು, ಪ್ರಾಣಕ್ಕಿಂತ ಹೆಚ್ಚಾಗಿ. ಕಾರಣವನ್ನು ಮಾತ್ರ ಅವಳು ಪಾದ್ರಿಗೂ ಹೇಳಿದವಳಲ್ಲ. ತಂಗಿ ವರ್ಡೆಲ್, ಅವಳ ಮಗ, ಸೊಸೆ, ಅವಳ ಕಡೆಯ ಬಳಗ ಎಲ್ಲ ಊರಿಗೆ ತಾಗಿದ ದೊಡ್ಡ ಲೇಕಿನ ಆಚೆ ಮ್ಯಾಂಡೆವಿಲ್ಲಿನಲ್ಲಿ ಹೊಸ ಮನೆಗಳನ್ನು ಕಟ್ಟಿಕೊಂಡಿದ್ದರು. ಮೇಜಿನ ಮುಕ್ಕಾಲು ಪಾಲು ಅವರೇ. ಪಾಪು ಅವರ ಪೈಕಿ ಒಬ್ಬರಿಗೆ ಸಿಕ್ಕರೆ ಊಟ ಲೇಕ್ ದಾಟುತ್ತದೆ. ಆ ಲೇಕಿನ ಮೇಲಿನ ಸೇತುವೆಯೋ ಹೋದಷ್ಟೂ ಮುಗಿಯದ್ದು. ನಡುವೆ ಈ ದಡವೂ ಇಲ್ಲ, ಆ ದಡವೂ ಇಲ್ಲ, ಬರೀ ನೀರು. ಲಿಯೊಂಟೀನಳಿಗೆ ಆ ಸೇತುವೆಯನ್ನು ನೆನೆದರೇ ಅಂಗೈ ಬೆವರುತ್ತಿತ್ತು. ತಂಗಿಯ ಗೃಹಪ್ರವೇಶಕ್ಕೆ ಹೋಗಲಿಲ್ಲ, ಮೊಣಕಾಲು ನೋವು ಎಂದಳು. ರೆಮಿಯ ಮದುವೆಯ ಪಾರ್ಟಿಗೆ ಹೋಗಲಿಲ್ಲ, ಬೆಕ್ಕು ಮರಿ ಹಾಕುತ್ತದೆ ಎಂದಳು. ಮನೆಯಲ್ಲಿದ್ದದ್ದು ಗಂಡು ಬೆಕ್ಕು. ಬೀದಿಯಲ್ಲಿ ಜಗಳಕ್ಕೆ ನಿಂತರೆ ಪೊಲೀಸರನ್ನೂ ಹಿಮ್ಮೆಟ್ಟಿಸುವ ಹೆಂಗಸು ಒಂದು ಸೇತುವೆಗೆ ಹೆದರುತ್ತಾಳೆ ಎಂದು ಹೇಳಿಕೊಳ್ಳುವುದು ಹೇಗೆ? ಮಕ್ಕಳಿಲ್ಲದ ಆ ಮನೆ ತುಂಬುತ್ತಿದ್ದದ್ದು ವರ್ಷಕ್ಕೆ ಅದೊಂದೇ ದಿನ. ಊಟ ಆಚೆ ಹೋದರೆ ಆ ದಿನವೂ ಹೋಯಿತು.

ಈ ಸಲ ಕುತ್ತು ಬಂದದ್ದು ಮೂಗಿನ ಕಡೆಯಿಂದ.

ಹಬ್ಬದ ವಾರ ರೆಮಿಯ ಹೆಂಡತಿ ಮೊನೀಕ್ ಫೋನ್ ಮಾಡಿದಳು. ಅವಳಿಗೆ ಚೊಚ್ಚಲ ಕೂಸು, ಇನ್ನೂ ಎದೆಹಾಲು ಬಿಟ್ಟಿಲ್ಲ. "ದೊಡ್ಡತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮನೆ ಏಸಿ ಹಾಕಿದ್ರೆ ಒಂಥರಾ ಮುಗ್ಗಲು ವಾಸನೆ ಬರುತ್ತಲ್ಲ, ಹೋದ್ಸಲ ನಂಗೇ ಸೀನು ನಿಲ್ಲಲಿಲ್ಲ. ಬೂಸ್ಟು ಹಿಡಿದಿರೋ ಮನೆಗೆ ಕೂಸನ್ನ ಕರ್ಕೊಂಡ್ ಹೋಗ್ಬೇಡಿ ಅಂದಿದಾರೆ ಡಾಕ್ಟ್ರು."

"ಬೂಸ್ಟಾ? ನನ್ಮನೇಲಾ?"

"ಅತ್ತೆನೂ ಅದನ್ನೇ ಹೇಳಿದ್ರು. ಭಾನುವಾರ ಬಂದು ನೋಡೋಣ, ಸರಿಯಿಲ್ಲ ಅಂದ್ರೆ ಪಾಪುಗೀಪು ಏನೂ ನೋಡಲ್ಲ, ಮುಂದಿನ ವರ್ಷದಿಂದ ನಮ್ಮನೇಲೇ ಅಂತ."

ಫೋನಿಟ್ಟ ಲಿಯೊಂಟೀನ್ ಮನೆಯ ನಡುವೆ ನಿಂತು ಮೂಗರಳಿಸಿ ಎಳೆದುಕೊಂಡಳು. ಅವಳಿಗೇನೂ ವಾಸನೆ ಬರಲಿಲ್ಲ. ಹುಟ್ಟಿದಾಗಿನಿಂದ ಆ ಗಾಳಿಯನ್ನೇ ಕುಡಿದವಳಿಗೆ ಎಲ್ಲಿಂದ ಬರಬೇಕು? ತಲೆ ತಗ್ಗಿಸಿದರೆ ಮಾತ್ರ, ಗಾಳಿ ಬರುವ ನೆಲದ ಜಾಲರಿಯ ಪಕ್ಕದ ಗೋಡೆಗೆ ಕರಿಮೆಣಸು ಎರಚಿದಂಥ ಚುಕ್ಕೆಗಳು ಕಂಡವು. ಅವು ಯಾವಾಗಿಂದ ಇದ್ದವೋ. ಅಲ್ಲಿಯ ಹವೆಯೇ ಹಾಗೆ. ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ಕಲ್ಲಾಗುತ್ತದೆ, ಚಪ್ಪಲಿಯನ್ನು ವಾರ ಬಿಟ್ಟು ತೆಗೆದರೆ ಹಸಿರು ಹೊದ್ದಿರುತ್ತದೆ.

"ಒಕ್ಟಾವ್, ನಮ್ಮನೆ ನಾರುತ್ತಾ?"

ಒಕ್ಟಾವ್ ಪತ್ರಿಕೆಯಿಂದ ತಲೆ ಎತ್ತದೆ, "ನಲವತ್ತು ವರ್ಷದಿಂದ" ಎಂದ.

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಾಯಿ ಬಿಟ್ರೆ ಒಳಗೆ ಹೋಗುತ್ತಲ್ಲ."

ಶನಿವಾರ ಬೆಳಗ್ಗೆ ಕ್ವಾಂಗ್ ಬಂದ. ಊರಿನ ಪೂರ್ವಭಾಗದ ವಿಯೆಟ್ನಾಮಿ ಬೀದಿಯವನು. ಹಳೆಯ ಮನೆಗಳ ಏಸಿ ಮತ್ತು ಗಾಳಿಕೊಳವೆಗಳನ್ನು ತೊಳೆಯುವುದು ಅವನ ಕಸುಬು, ಬಾಯಾಡಿಸುವುದು ಅವನ ಚಟ. ಒಳ್ಳೆಯ ಕೆಲಸಗಾರ ಎಂದು ಚರ್ಚಿನಲ್ಲಿ ನಾಲ್ಕು ಜನ ಹೇಳಿದ್ದರು, ಆದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದೂ ಹೇಳಿದ್ದರು. ಬಂದವನೇ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದ.

"ಆಹಾ. ಮಿಸ್ ಲಿಯೊಂಟೀನ್, ಇದು ಸಾಮಾನ್ಯ ವಾಸನೆ ಅಲ್ಲ. ವಂಶಪಾರಂಪರ್ಯ."

"ಮರೀ, ವಾಸನೆ ಹೋಗುತ್ತೋ ಇಲ್ವೋ ಅಷ್ಟು ಹೇಳು."

"ಹೋಗದೆ ಏನು? ಮೊದ್ಲು ಒಳಗೇನಿದೆ ನೋಡೋಣ. ಯಾವನಾದ್ರೂ ಬಂದು ಒಳಗೆ ನೋಡ್ದೇನೆ ಅರ್ಧ ಗಂಟೇಲಿ ಇಡೀ ಮನೆ ತೊಳ್ದುಕೊಡ್ತೀನಿ ಅಂದ್ರೆ ನಾಯಿ ಬಿಡಿ ಅವ್ನ ಮೇಲೆ."

ಏಸಿಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಟಾರ್ಚು ಹಾಕಿದ. ಗಾಳಿಯನ್ನು ತಣಿಸುವ ಲೋಹದ ಸುರುಳಿ, ಕಾಯಿಲ್, ಕಾಣಿಸಲೇ ಇಲ್ಲ. ಅದರ ಮೇಲೆ ಕಪ್ಪು ಕಂಬಳಿ ಹೊದಿಸಿದಂತೆ ಧೂಳೂ ಬೂಸ್ಟೂ ಕೂಡಿ ಗಟ್ಟಿಯಾಗಿತ್ತು. ಕೆಳಗಿನ ತಟ್ಟೆಯಲ್ಲಿ ನೀರು ಹರಿದುಹೋಗದೆ ಲೋಳೆಯಾಗಿ ನಿಂತಿತ್ತು. ಲಿಯೊಂಟೀನ್ ಮೂಗಿಗೆ ಸೆರಗು ಹಿಡಿಯುವವಳಂತೆ ಏಪ್ರನ್ ಎತ್ತಿ ಹಿಡಿದಳು. ಅಡುಗೆಮನೆಯ ನೆಲದ ಮೇಲೆ ಬಿದ್ದ ರೊಟ್ಟಿಯನ್ನು ಎತ್ತಿ ತಿನ್ನಬಹುದು ಎಂಬಷ್ಟು ಚೊಕ್ಕಟ ಅವಳ ಮನೆ. ಆ ಚೊಕ್ಕಟತನದ ಕೆಳಗೆ ಇದು ಕೂತಿತ್ತೇ ಎಂದು ನಾಚಿಕೆಯಾಯಿತು.

ಕ್ವಾಂಗ್ ಗೋಡೆಯ ಮೇಲಿನ ಗುಂಡಿಯನ್ನು ನೋಡಿದ. "ಫ್ಯಾನನ್ನ ಯಾವಾಗ್ಲೂ ಆನ್ ಇಟ್ಟಿರ್ತೀರಾ?"

"ಮತ್ತೆ? ಗಾಳಿ ಆಡ್ತಾ ಇದ್ರೆ ಕೊಳೆಯಲ್ಲ ಅಂತ ನಮ್ಮಮ್ಮ ಹೇಳ್ತಿದ್ರು."

"ಅಮ್ಮ ಹೇಳಿದ್ದು ಕಿಟಕಿಗೆ. ಇದು ಏಸಿ. ಕಾಯಿಲ್ ಮೇಲಿರೋ ನೀರು ಕೆಳಗಿಳಿದು ಹೋಗೋಕೆ ಒಂದು ಗಳಿಗೆ ಬಿಡ್ಬೇಕಲ್ಲ? ನೀವು ಬಿಡಲ್ಲ. ಫ್ಯಾನು ಆ ನೀರನ್ನೆಲ್ಲ ಊದಿ ವಾಪಸ್ ನಿಮ್ಮ ಹಾಸಿಗೆಗೇ ಕಳಿಸುತ್ತೆ. ಆಟೋಗೆ ಹಾಕಿ, ಏಸಿ ನಿಂತಾಗ ಫ್ಯಾನೂ ತಾನೇ ನಿಲ್ಲುತ್ತೆ. ಇನ್ನು ಸಾಯೋವರೆಗೂ ಮುಟ್ಟಬೇಡಿ."

ಒಕ್ಟಾವ್ ಕುರ್ಚಿಯಿಂದಲೇ, "ಆ ಮಾತನ್ನ ಒಂದು ಫಲಕದ ಮೇಲೆ ಬರೆದು ಹಾಕಯ್ಯ" ಎಂದ.

ಕಾಯಿಲ್ಲಿಗೆ ನೊರೆ ಹೊಡೆದು ತೊಳೆದದ್ದಾಯಿತು. ನೀರು ಹೋಗುವ ಪೈಪಿನಿಂದ ಹಾವಿನಂಥ ಪಾಚಿ ಹೊರಬಂತು. ವಿನೆಗರ್ ಸುರಿದು ಅದನ್ನೂ ತೊಳೆದ. ಆಮೇಲೆ ದೊಡ್ಡ ಕೆಲಸ. ಆ ಮನೆ ಊರಿನ ಎಲ್ಲ ಹಳೆಯ ಮನೆಗಳಂತೆ ಇಟ್ಟಿಗೆಯ ಕಂಬಗಳ ಮೇಲೆ ನಿಂತದ್ದು. ನೆಲದ ಹಲಗೆಗಳ ಕೆಳಗೆ ತಗಡಿನ ಗಾಳಿಕೊಳವೆಗಳು, ಕೋಣೆಕೋಣೆಗೂ ನೆಲದಲ್ಲೊಂದು ಎರಕದ ಕಬ್ಬಿಣದ ಜಾಲರಿ, ಉದ್ದನೆಯ ಊಟದ ಕೋಣೆಗೆ ಮಾತ್ರ ಮೂರು. ಹಳೆಯ ಕಾಲದ ಹೂವಿನ ಕೆತ್ತನೆ. ಕಂಡಿಗಳಲ್ಲಿ ಹೆಬ್ಬೆಟ್ಟು ತೂರುತ್ತದೆ. ಕ್ವಾಂಗ್ ಮನೆಯ ಕೆಳಗೆ ತೂರಿ ಮುಖ್ಯ ಕೊಳವೆಗೆ ಆನೆಯ ಸೊಂಡಿಲಿನಂಥ ಪೈಪು ಸಿಕ್ಕಿಸಿ ಅದನ್ನು ತನ್ನ ಗಾಡಿಯ ಹೀರುವ ಯಂತ್ರಕ್ಕೆ ಕೂಡಿಸಿದ. ಜಾಲರಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿ, ಒಂದೊಂದನ್ನೇ ತೆರೆದು ಉದ್ದನೆಯ ಕುಂಚ ಇಳಿಬಿಟ್ಟು ತಿರುಗಿಸುತ್ತಾ ಬಂದ. ಮಲಗುವ ಕೋಣೆ, ನಡುಮನೆ, ಕೊನೆಗೆ ಊಟದ ಕೋಣೆ. ಯಂತ್ರದ ಗದ್ದಲದಲ್ಲೂ ಅವನ ಬಾಯಿ ನಿಲ್ಲಲಿಲ್ಲ. ಯಾರದೋ ಮನೆಯ ಕೊಳವೆಯಲ್ಲಿ ಮದುವೆಯುಂಗುರ ಸಿಕ್ಕಿತಂತೆ, ಅಷ್ಟರಲ್ಲಿ ಡೈವೋರ್ಸ್ ಆಗಿ ಮೂರು ವರ್ಷವಾಗಿತ್ತಂತೆ, ಆ ಗಂಡ ಉಂಗುರವನ್ನು ಮತ್ತೆ ಕೊಳವೆಗೇ ಹಾಕು ಎಂದನಂತೆ.

ಆಗ ಗಾಡಿಯೊಳಗೆ ಏನೋ ಟಕಟಕ ಬಡಿದುಕೊಂಡಿತು. ಕ್ವಾಂಗ್ ಯಂತ್ರ ನಿಲ್ಲಿಸಿ ಪೆಟ್ಟಿಗೆ ತೆರೆದ. ಕುರಿಯ ಉಣ್ಣೆ ಕತ್ತರಿಸಿ ಗುಡ್ಡೆ ಹಾಕಿದಂತೆ ಬೂದು ಬಣ್ಣದ ಧೂಳಿನ ರಾಶಿ. ಕೈಗವಸು ತೊಟ್ಟು ಕೆದಕಿದ. ಕೂದಲಪಿನ್ನುಗಳು, ಕಾರ್ನಿವಲ್ ಮಣಿಸರದ ತುಂಡುಗಳು, ಸತ್ತುಹೋದ ಎರಡು ಬೆಕ್ಕುಗಳ ಕೂದಲು. ಆಮೇಲೆ ಒಂದು ಪಾಪು. ಇನ್ನೊಂದು ಪಾಪು. ಗುಲಾಬಿ ಬಣ್ಣದ್ದು, ಕಂದು ಬಣ್ಣದ್ದು, ಬಂಗಾರದ ಬಣ್ಣ ಹಾರಿಹೋದದ್ದು, ಒಂದು ಕಾಲಿಲ್ಲದ್ದು. ಅಂಗೈ ತುಂಬಿ ಚೆಲ್ಲುವಷ್ಟು.

ಕ್ವಾಂಗ್ ಅವುಗಳನ್ನು ಬೆಳಕಿಗೆ ಹಿಡಿದು ನೋಡಿದ. "ಮಿಸ್ ಲಿಯೊಂಟೀನ್, ಇಲ್ಲೇನು ಹೆರಿಗೆ ಆಸ್ಪತ್ರೆ ನಡೀತಿತ್ತಾ?"

ಲಿಯೊಂಟೀನ್ ಪಾಪುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಒಕ್ಟಾವ್ ಮಾತ್ರ ಕೋಲೂರಿಕೊಂಡು ಬಂದವನು ಪಾಪುಗಳನ್ನು ನೋಡಿ, ಎರಡೂ ಕೈಯಿಂದ ತನ್ನ ಹೊಟ್ಟೆಯನ್ನು ತಟ್ಟಿಕೊಂಡ. "ನೋಡು! ಇದು ನಿರಪರಾಧಿ! ಎಕ್ಸ್‌ರೇ ತೆಗೆಸಿದ್ಯಲ್ಲೇ ಪಾಪಿ, ಈಗ ಕ್ಷಮೆ ಕೇಳು ಇದರ ಹತ್ರ!"

"ಬಾಯ್ಮುಚ್ಚು. ಯಾರು ಹಾಕಿರ್ಬಹುದು?"

"ಯಾವ ಜಾಲರಿಯಿಂದ ಬಿತ್ತು ಅಂತ ಹೇಳೋಕಾಗಲ್ಲ," ಎಂದ ಕ್ವಾಂಗ್. "ಎಲ್ಲಾನೂ ಗುಡಿಸಿ ಒಂದೇ ಕಡೆ ಎಳ್ಕೊಂಡು ಬಂದಿದೀನಿ. ಊಟದ ಕೋಣೆದೇ ಅಂತೂ ಹೌದು, ಅಲ್ಲಿಗೆ ಬಂದಾಗ್ಲೇ ಸದ್ದಾಗಿದ್ದು. ಮೆತ್ತಗೆ ಹಾಸಿಗೆ ಹಾಸಿದ ಹಾಗೆ ಧೂಳಿತ್ತಲ್ಲ, ಬಿದ್ದಿದ್ದು ಯಾರಿಗೂ ಕೇಳಿಸಿಲ್ಲ."

"ನಾಳೆ ಎಲ್ಲರ ಮುಂದೆ ಸುರಿಯೋಣ," ಎಂದ ಒಕ್ಟಾವ್, ಹೊಟ್ಟೆಯ ಪರವಾಗಿ.

"ಸುರಿ. ಪಾಪುಗಳು ಸಿಕ್ಕಿದ್ದು ಯಾರ ಮನೇಲಿ ಅಂತ ಕೇಳ್ತಾರೆ. ನನ್ಮನೇಲಿ. ನೋಡಿದ್ರಾ, ಜೇಬಲ್ಲ, ಕೊಳವೆ ಅಂತ ರೆಮಿ ಕುಣಿದಾಡ್ತಾನೆ. ಸುಮ್ನೆ ಇರು."

ಅವುಗಳನ್ನು ಕಾಫಿ ಡಬ್ಬಿಗೆ ಸುರಿದು ಅಟ್ಟದ ಮೇಲಿಟ್ಟಳು. ಆದರೆ ಮನಸ್ಸು ಅಟ್ಟ ಹತ್ತಿಯೇ ಕೂತಿತ್ತು. ಯಾರೋ ಒಬ್ಬರು ವರ್ಷವರ್ಷವೂ ಪಾಪುವನ್ನು ಕೊಳವೆಗಿಳಿಸಿ ಊಟವನ್ನು ಅವಳ ಮನೆಯಲ್ಲೇ ಉಳಿಸಿದ್ದರು. ಅವಳನ್ನು ಕಾಪಾಡಿದವರೂ ಅವರೇ, ಅವಳ ಮಾನ ಕಳೆದವರೂ ಅವರೇ. ಕೈಮುಗಿಯಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯದೆ ಗಂಬೊಗೆ ಸೀಗಡಿ ಸುಲಿಯುತ್ತಾ ಕೂತಳು.

ಭಾನುವಾರ ಮಧ್ಯಾಹ್ನ ವರ್ಡೆಲ್ ತನ್ನ ಸೈನ್ಯದೊಂದಿಗೆ ಬಂದಳು. ಅಕ್ಕನಿಗಿಂತ ಐದು ವರ್ಷ ಚಿಕ್ಕವಳು, ಗಂಟಲು ಮಾತ್ರ ದೊಡ್ಡದು. ಹೊಸಿಲ ಮೇಲೆ ನಿಂತು ತಪಾಸಣೆಗೆ ಬಂದ ಅಧಿಕಾರಿಯಂತೆ ಮೂಗನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಹಿಂದೆ ಮೊನೀಕ್ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಲಿಯೊಂಟೀನ್ ಬಾಗಿಲನ್ನು ಪೂರ್ತಿ ತೆರೆದಳು.

"ಒಳಗೆ ಬರ್ತೀಯೋ, ಅಲ್ಲೇ ನಿಂತು ನಾಯಿ ಥರ ಮೂಸ್ತೀಯೋ?"

"ಮೂಸೋ ಹಾಗಿದ್ದಾಗ ಮೂಸ್ಬೇಕಾಗುತ್ತಕ್ಕ." ವರ್ಡೆಲ್ ಒಳಗೆ ಬಂದಳು. ಜಾಲರಿಯ ಮೇಲೆ ಬಗ್ಗಿ ಮೂಸಿದಳು. ಪರದೆ ಎತ್ತಿ ಮೂಸಿದಳು. ಕೊನೆಗೆ, ಅವಳಿಗೆ ಬೇಜಾರಾಯಿತೋ ಸಂತೋಷವಾಯಿತೋ ಹೇಳಲಾಗದ ಮುಖ ಮಾಡಿ, "ಏನೂ ಇಲ್ಲ" ಎಂದಳು.

ಕೂಸಿನ ಪರೀಕ್ಷೆ ಬಾಕಿ ಇತ್ತು. ಮೊನೀಕ್ ಅದನ್ನು ನಡುಮನೆಯ ಸೋಫಾದ ಮೇಲೆ ಮಲಗಿಸಿದಳು. ಎಲ್ಲರೂ ಸುತ್ತ ನಿಂತು ಅದರ ಮೂಗನ್ನೇ ನೋಡಿದರು. ಕೂಸು ಒಮ್ಮೆ ಮುಖ ಕಿವುಚಿತು. ಲಿಯೊಂಟೀನ್ ಮೇರಿಯಮ್ಮನನ್ನು ನೆನೆದಳು. ಕೂಸು ಒಂದು ದೊಡ್ಡ ಆಕಳಿಕೆ ತೆಗೆದು ನಿದ್ದೆ ಹೋಯಿತು.

"ದೊಡ್ಡತ್ತೆ, ನಮ್ಮನೇಲಿ ಇಷ್ಟು ಬೇಗ ಮಲ್ಗೋದೇ ಇಲ್ಲ," ಎಂದಳು ಮೊನೀಕ್. ಲಿಯೊಂಟೀನಳಿಗೆ ಆ ಹುಡುಗಿಯ ಹಿಂದಿನ ತಪ್ಪುಗಳೆಲ್ಲ ಮರೆತುಹೋದವು.

"ವಾಸನೆ ಹೋಯ್ತು, ಸರಿ," ಎಂದಳು ವರ್ಡೆಲ್ ಗಂಬೊ ಬಡಿಸಿಕೊಳ್ಳುತ್ತಾ. "ಆದ್ರೂ ಊಟ ಇನ್ಮೇಲೆ ನಮ್ಮ ಕಡೆ ಬರ್ಬೇಕು. ಅಷ್ಟು ದೊಡ್ಡ ಮನೆ ಕಟ್ಟಿಸಿದೀನಿ, ಅಕ್ಕ ಒಂದ್ಸಲ ಕಾಲಿಟ್ಟಿಲ್ಲ. ಪ್ರತಿವರ್ಷ ನಾನು ಬಾಯಿ ಬಡ್ಕೊಳ್ಳೋದು, ಪ್ರತಿವರ್ಷ ಆ ಪಾಪು ಮಾಯ ಆಗೋದು."

"ಈ ವರ್ಷ ಮಾಯ ಆಗಲ್ಲ," ಎಂದ ರೆಮಿ. ಅವನು ಪ್ಲಾಸ್ಟಿಕ್ಕಿನದನ್ನು ನಂಬದೆ ಫ್ರೆಂಚ್ ಕ್ವಾರ್ಟರಿನ ಅಂಗಡಿಯಿಂದ ಪಿಂಗಾಣಿಯ ಪಾಪು ತಂದಿದ್ದ. ಎಲ್ಲರಿಗೂ ತೋರಿಸಿ, ಹೆಂಡತಿಯ ಕೈಗೆ ಫೋನು ಕೊಟ್ಟು ವಿಡಿಯೋ ಹಿಡಿಸಿ, ಕೇಕನ್ನು ತಾನೇ ಎತ್ತಿ ಅಡಿಯಿಂದ ತೂರಿಸಿ, ಡಬ್ಬಿಯನ್ನು ಮೂರು ಸಲ ಸುತ್ತಿಸಿ ಮೇಜಿನ ಮೇಲಿಟ್ಟ. ಕೋರ್ಟಿನಲ್ಲಿ ಸಾಕ್ಷಿ ಸಲ್ಲಿಸುವವರೂ ಇಷ್ಟು ಜಾಗ್ರತೆ ಮಾಡಲಾರರು. ಲಿಯೊಂಟೀನ್ ಎರಡೂ ಕೈಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹರಡಿಕೊಂಡು ಕೂತಳು.

ಊಟ ಹಾಕಿದವಳು ಚಾಕು ಮುಟ್ಟುವಂತಿಲ್ಲ. ಅದೂ ಅಮ್ಮನ ಕಾನೂನು. ಎಂದಿನಂತೆ ವರ್ಡೆಲ್ ಕತ್ತರಿಸಿದಳು, ಎಂದಿನಂತೆ ಹಂಚಿದಳು, ತನಗೊಂದು ತುಂಡು ಇಟ್ಟುಕೊಂಡಳು. ಎಲ್ಲರೂ ಹಲ್ಲಿಗೆ ಪೆಟ್ಟಾಗದಂತೆ ಮೆಲ್ಲಗೆ ತಿಂದರು. ಒಕ್ಟಾವ್ ಕೂಡ ಅಗಿದ. ಒಬ್ಬೊಬ್ಬರಾಗಿ ತಟ್ಟೆ ತೋರಿಸಿದರು. ಇಲ್ಲ, ಇಲ್ಲ, ನನ್ನ ಹತ್ರಾನೂ ಇಲ್ಲ. ಲಿಯೊಂಟೀನಳಿಗೆ ಕೇಕಿನ ಸಿಹಿ ನಾಲಿಗೆಗೆ ಹತ್ತಲಿಲ್ಲ. ರೆಮಿಯ ಹುಬ್ಬು ಮೇಲೇರಿತು. ಅವನು ಬಾಯಿ ತೆರೆಯುವುದರೊಳಗೆ ಮೇಜಿನ ಕೆಳಗಿನಿಂದ ಒಂದು ಸದ್ದು ಬಂತು.

ಟಣ್.

ಅಷ್ಟಕ್ಕೇ ನಿಂತಿದ್ದರೆ ಯಾವುದೋ ಚಮಚ ಎನ್ನಬಹುದಿತ್ತು. ನಿಲ್ಲಲಿಲ್ಲ. ಮೆತ್ತನೆಯ ಹಾಸಿಗೆಯೆಲ್ಲ ಕ್ವಾಂಗನ ಗಾಡಿ ಸೇರಿತ್ತು. ಒಳಗೆ ಈಗ ಫಳಫಳ ಹೊಳೆಯುವ ಬರಿಯ ತಗಡು, ಅದೂ ಇಳಿಜಾರು. ಟಿಣಿಟಿಣಿಟಿಣಿ ಎಂದು ಆ ಸದ್ದು ಊಟದ ಕೋಣೆಯಿಂದ ಹೊರಟು, ನಡುಮನೆಯ ಕೆಳಗೆ ಹಾದು, ತಿರುವಿನಲ್ಲಿ ಒಮ್ಮೆ ಢಣ್ ಎಂದು ಬಡಿದು, ಮಲಗುವ ಕೋಣೆಯತ್ತ ಉರುಳಿತು. ಮನೆಯ ಒಂದೊಂದು ಜಾಲರಿಯೂ ಅದನ್ನು ಸಾರಿಸಾರಿ ಹೇಳಿತು. ಮೇಜಿನ ಸುತ್ತ ಕೂತವರ ತಲೆಗಳೆಲ್ಲ ಅದರ ಜೊತೆಜೊತೆಗೇ ತಿರುಗಿದವು. ಕೊನೆಗೆ ದೂರದಲ್ಲಿ ಎಲ್ಲೋ ಟಕ್ ಎಂದು ನಿಂತಿತು.

ಕಿವಿ ಮಂದವಾದ ಒಕ್ಟಾವ್, "ಬಾಗ್ಲು ಯಾರೋ ಬಡೀತಿದಾರೆ" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವರ್ಡೆಲ್ ತನ್ನ ಕುರ್ಚಿಯ ಬಳಿಯ ಜಾಲರಿಯ ಮೇಲಿನಿಂದ ಕಾಲನ್ನು ಸರಕ್ಕನೆ ಎಳೆದುಕೊಂಡಳು. ಎಲ್ಲರೂ ಅದನ್ನು ಕಂಡರು.

"ಮಮ್ಮಾ!" ರೆಮಿ ಎದ್ದುನಿಂತ. "ನೀನಾ?"

ವರ್ಡೆಲ್ ಎದೆ ಸೆಟೆಸಿ, "ಹೌದು, ನಾನೇ. ಏನೀಗ?" ಎಂದಳು. "ಕತ್ತರಿಸುವಾಗ ಚಾಕುಗೆ ತಗಲುತ್ತೆ, ಆ ತುಂಡನ್ನ ನಾನೇ ಇಟ್ಕೋತೀನಿ, ಕೆಳಗೆ ಬಿಡ್ತೀನಿ. ಅಷ್ಟು ಜನಕ್ಕೆ ಊಟ ಹಾಕೋದಂದ್ರೆ ಸುಮ್ನೇನಾ? ಸೀಗಡಿ ಬೆಲೆ ಏನಾಗಿದೆ ಗೊತ್ತಾ? ಬಾಯಲ್ಲಿ ಕರೆಯೋಕೆ ಖರ್ಚಿಲ್ಲ, ಕರೀತಿದ್ದೆ."

ಮೇಜೇ ಹಾರಿಹೋಗುವಂತೆ ಕೂಗಾಟವಾಯಿತು. ಜುಗ್ಗಿ ಎಂದರು. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಪಾಪುವನ್ನು ಬಚ್ಚಿಟ್ಟು ಊಟ ತಪ್ಪಿಸಿಕೊಳ್ಳುವವರಿಗೆ ಆ ಊರಿನಲ್ಲಿ ಏನೇನು ಹೆಸರಿದೆಯೋ ಅಷ್ಟನ್ನೂ ಇಟ್ಟರು. ವರ್ಡೆಲ್ ಎಲ್ಲವನ್ನೂ ಗಲ್ಲ ಮೇಲೆತ್ತಿಕೊಂಡೇ ಸ್ವೀಕರಿಸಿದಳು. ಒಬ್ಬಳ ಕಡೆ ಮಾತ್ರ ತಿರುಗಿ ನೋಡಲಿಲ್ಲ, ಅಕ್ಕನ ಕಡೆ.

ಲಿಯೊಂಟೀನ್ ನಗಲಿಲ್ಲ. ನಾಲ್ಕು ಜನರನ್ನು ಕರೆದು ನಲವತ್ತು ಜನರಿಗೆ ಬೇಯಿಸುವವಳು ವರ್ಡೆಲ್. ನೆರೆ ಬಂದ ವರ್ಷ ಬೀದಿಗೆ ಬೀದಿಯನ್ನೇ ಕೂರಿಸಿ ಉಣ್ಣಲಿಕ್ಕಿದವಳು. ಅವಳು ಜುಗ್ಗಿಯಾದರೆ ಮಿಸಿಸಿಪ್ಪಿ ನದಿ ಬತ್ತಿತೆಂದೇ ಅರ್ಥ. ಒಂದು ಹಳೆಯ ಮಧ್ಯಾಹ್ನ ಲಿಯೊಂಟೀನಳ ನೆನಪಿಗೆ ಬಂತು. ವರ್ಡೆಲ್ ತನ್ನ ಹೊಸ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟಿದ್ದಳು. ಸೇತುವೆಯ ಬಾಯಿಗೆ ಬಂದಾಗ ಲಿಯೊಂಟೀನ್, "ಒಲೆ ಆರಿಸಿ ಬಂದಿಲ್ಲ" ಎಂದಳು. ಆ ದಿನ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ಇಬ್ಬರೂ ಹೊರಗೆ ಉಂಡು ಬಂದಿದ್ದರು. ವರ್ಡೆಲ್ ಅಕ್ಕನ ಕೈಯನ್ನು ಒಮ್ಮೆ ನೋಡಿ, ಒಂದು ಮಾತೂ ಆಡದೆ ಕಾರು ತಿರುಗಿಸಿದ್ದಳು. ಅಷ್ಟು ಬಾಯಿಯ ಹೆಂಗಸು ಒಂದು ಮಾತೂ ಆಡಿರಲಿಲ್ಲ ಎಂಬುದು ಲಿಯೊಂಟೀನಳಿಗೆ ಹೊಳೆದದ್ದು ಈಗ.

ಊಟ ತಮ್ಮ ಕಡೆ ಬೇಕೆನ್ನುವ ಮಕ್ಕಳ ಬಾಯಿ ಮುಚ್ಚಿಸಲು ಎಲ್ಲರಿಗಿಂತ ಜೋರಾಗಿ ತಾನೇ ಅದನ್ನು ಕೂಗುವುದು, ಅಕ್ಕನ ಗುಟ್ಟು ಉಳಿಸಲು ಪಾಪುವನ್ನು ಕೊಳವೆಗೆ ಹಾಕುವುದು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಇಷ್ಟು ವರ್ಷ ನಡೆಸಿದ್ದಳು. ಈಗ ಸಿಕ್ಕಿಬಿದ್ದಾಗಲೂ ಜುಗ್ಗಿ ಎಂಬ ಹೆಸರನ್ನು ಮೈಮೇಲೆ ಎಳೆದುಕೊಂಡು ಕೂತಿದ್ದಳೇ ಹೊರತು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಲಿಯೊಂಟೀನಳಿಗೆ ತಂಗಿಯ ಮೇಲೆ ಪ್ರೀತಿ ಉಕ್ಕಿತು. ಸಿಟ್ಟೂ ಬಂತು. ತನ್ನ ಭಯ ಇಷ್ಟು ದುಬಾರಿ ಎಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ಎದ್ದುನಿಂತು ಅಂಗೈಯಿಂದ ಮೇಜು ತಟ್ಟಿದಳು. "ಸಾಕು. ಅವಳು ಹೇಳ್ತಿರೋದು ಸುಳ್ಳು."

"ಅಕ್ಕ, ನೀನು ಕೂತ್ಕೋ," ಎಂದಳು ವರ್ಡೆಲ್ ಅವಸರವಾಗಿ. "ಅವರು ಅಂದ್ರೆ ಅನ್ಲಿ."

"ನೀನು ಸುಮ್ನಿರೇ. ಇವಳು ಹೀಗೆ ಮಾಡಿದ್ದು ನನಗೋಸ್ಕರ. ನನಗೆ ಆ ಸೇತುವೆ ಅಂದ್ರೆ ಭಯ. ಮೊಣಕಾಲೂ ಇಲ್ಲ, ಒಲೆನೂ ಇಲ್ಲ. ಊಟ ಆ ಕಡೆ ಬಂದ್ರೆ ನಾನು ಬರಲ್ಲ ಅಂತ ಇವಳಿಗೊಬ್ಬಳಿಗೆ ಗೊತ್ತಿತ್ತು. ಈಗ ನಗಬೇಕು ಅನ್ನೋರು ನನ್ನ ನೋಡಿ ನಗಿ."

ರೆಮಿ ಮೆಲ್ಲಗೆ ಕೂತ. ಅವನಿಗೆ ಏಪ್ರನ್ ಜೇಬಿನ ಮಾತು ನೆನಪಾಗಿರಬೇಕು, "ದೊಡ್ಡಮ್ಮ, ತಪ್ಪಾಯ್ತು" ಎಂದ. ಒಕ್ಟಾವ್ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. "ಹಾಗಾದ್ರೆ ಆ ಗಂಡು ಬೆಕ್ಕು?"

"ಅದು ಯಾವತ್ತೂ ಮರಿ ಹಾಕ್ಲಿಲ್ಲ ಒಕ್ಟಾವ್."

ವರ್ಡೆಲ್ ತಟ್ಟೆಯಲ್ಲಿದ್ದ ಸಕ್ಕರೆಯ ಪುಡಿಯನ್ನು ಬೆರಳಿನಿಂದ ಗೀರುತ್ತಾ ಕೂತಿದ್ದಳು. "ಇಷ್ಟು ವರ್ಷ ಕಾಪಾಡಿದ್ದನ್ನ ಒಂದೇ ನಿಮಿಷದಲ್ಲಿ ಹಾಳು ಮಾಡ್ದೆ," ಎಂದಳು. ಅವಳ ದೊಡ್ಡ ಗಂಟಲು ಚಿಕ್ಕದಾಗಿತ್ತು. "ಇರ್ಲಿ ಬಿಡು. ವಾಸನೆನೂ ಹೋಯ್ತು, ಕೂಸೂ ಮಲಗ್ತು. ಊಟ ಇಲ್ಲೇ ಇರ್ಲಿ. ಇನ್ಯಾರೂ ಕೇಳಲ್ಲ."

ಲಿಯೊಂಟೀನಳಿಗೆ ಬೇಕಾಗಿದ್ದದ್ದು ಅದೇ ಮಾತು. ವಾರವಿಡೀ ಅದಕ್ಕಾಗಿಯೇ ಒದ್ದಾಡಿದ್ದಳು. ಈಗ ಅದು ಕೈಗೆ ಬಂದಾಗ ಅವಳಿಗೆ ಅದನ್ನು ಹಿಡಿದುಕೊಳ್ಳಲು ಮನಸ್ಸಾಗಲಿಲ್ಲ.

"ಪಾಪು ಯಾರ ತುಂಡಲ್ಲಿ ಸಿಕ್ತು?"

"ನಂದ್ರಲ್ಲಿ. ಆದ್ರೆ..."

"ಅಮ್ಮನ ಕಾನೂನು ಏನು?"

"ಅಕ್ಕ, ಬೇಡ."

"ಮುಂದಿನ ವರ್ಷ ಮ್ಯಾಂಡೆವಿಲ್. ನಾನು ಬರ್ತೀನಿ." ಹೇಳುತ್ತಿದ್ದಂತೆ ಅವಳ ಅಂಗೈ ಬೆವರಿತು, ಏಪ್ರನ್ನಿಗೆ ಒರೆಸಿಕೊಂಡಳು. "ರೆಮಿ ಕಾರು ಓಡಿಸ್ಲಿ. ನೀನು ನನ್ನ ಜೊತೆ ಹಿಂದಿನ ಸೀಟಲ್ಲಿ ಕೂತ್ಕೋಬೇಕು. ಕೂತು ದಾರಿಯುದ್ದಕ್ಕೂ ನನ್ನ ಹತ್ರ ಜಗಳ ಆಡ್ಬೇಕು. ನಿನ್ನ ಜೊತೆ ಜಗಳ ಆಡುವಾಗ ನಂಗೆ ನೀರೂ ಕಾಣಲ್ಲ, ನೆಲವೂ ಕಾಣಲ್ಲ."

"ಅಷ್ಟುದ್ದ ಸೇತುವೆ. ಅಷ್ಟಕ್ಕೂ ಸಾಲೋವಷ್ಟು ಜಗಳ ಎಲ್ಲಿದೆ ನಮ್ಮ ಹತ್ರ?"

"ನನ್ನ ಹೆಸರು ಕೆಡಿಸಿದ್ದು ಒಂದೇ ಸಾಕು ಕಣೇ. ಹೋಗಿ ಬರೋಕಾಗುತ್ತೆ."

ವರ್ಡೆಲ್ ಎದ್ದು ಬಂದು ಅಕ್ಕನ ಒದ್ದೆ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, ಗಂಬೊಗೆ ಇವತ್ತು ಉಪ್ಪು ಜಾಸ್ತಿಯಾಗಿತ್ತು ಎಂದಳು.